ಮೇಷ್ಟ್ರು ಕೆಡಿಸಿದ ಸಾಲು

ಕಂಬದ ಮರೆಯಲ್ಲಿ ನಿಂತಿದ್ದ ಪಟಾಕಿಗೆ ತನ್ನ ಕಣ್ಣನ್ನೇ ನಂಬಲಾಗಲಿಲ್ಲ. ಕ್ಯಾಂಟೀನಿನ ಗೋಡೆಯ ಮೇಲಿದ್ದ ‘ಚೀಟಿ ಇಲ್ಲಿ, ಊಟ ಅಲ್ಲಿ’ ಎಂಬ ಫಲಕವನ್ನು ಕಳಚಿ, ಕಂಕುಳಲ್ಲಿ ಸಿಕ್ಕಿಸಿಕೊಂಡು, ಏನೂ ಅರಿಯದವರಂತೆ ಶಿಳ್ಳೆ ಹಾಕುತ್ತ ಹೊರಟವರು ಬೇರೆ ಯಾರೂ ಅಲ್ಲ, ಅವಳಿಗೆ ಆಪರೇಷನ್ಸ್ ಮ್ಯಾನೇಜ್‌ಮೆಂಟ್ ಕಲಿಸುವ ಮೇಷ್ಟ್ರು.

ಬೇಲಿಯೇ ಎದ್ದು ಹೊಲ ಮೇಯ್ದರೆ ದೂರುವುದು ಯಾರಿಗೆ?

ಪಟಾಕಿ ಬಿಬಿಎ ಕೊನೆಯ ವರ್ಷದವಳು. ಬಾಯಿ ತೆರೆದರೆ ಸಿಡಿಯುತ್ತಾಳೆಂದು ಗೆಳೆಯರೇ ಇಟ್ಟ ಹೆಸರು ಅದು. ಅಂಥವಳನ್ನೂ ಮೇಷ್ಟ್ರ ಮೊದಲ ಪಾಠ ಬಾಯಿ ಮುಚ್ಚಿಸಿ ಕೂರಿಸಿತ್ತು. ಅಂದು ಅವರು ನೀರು ತುಂಬಿದ ಬಾಟಲಿಯನ್ನು ತರಗತಿಯಲ್ಲೇ ತಲೆಕೆಳಗು ಮಾಡಿದ್ದರು. ಗೊಳಗೊಳ ಸುರಿದ ನೀರಿಗೆ ಮುಂದಿನ ಬೆಂಚಿನವರು ಕಾಲು ಮೇಲೆತ್ತಿ ಕೂತರು.

“ಬಾಟಲಿ ಎಷ್ಟೇ ದಪ್ಪ ಇರಲಿ, ನೀರು ಬರೋದು ಕತ್ತಿನ ಅಳತೆಗೆ. ಎಲ್ಲಿ ಕೆಲಸ ನಿಧಾನ ಆಗ್ತಿದೆಯೋ ಅಲ್ಲೊಂದು ಕತ್ತು ಇರುತ್ತೆ. ಈ ಕಾಲೇಜಿನಲ್ಲೇ ಅಂಥದ್ದೊಂದು ಹುಡುಕಿ, ಅಗಲ ಮಾಡಿ ತೋರಿಸಿ. ಅದೇ ನಿಮ್ಮ ಪ್ರಾಜೆಕ್ಟು.”

ಪಟಾಕಿಯೂ ಅವಳ ಜೊತೆಗಾರ ಉದ್ದಣ್ಣನೂ ದೂರ ಹೋಗಲಿಲ್ಲ. ಕ್ಯಾಂಟೀನಿನಲ್ಲಿ ಚೀಟಿ ಹರಿಯುವ ಕೈಯೇ ಊಟವನ್ನೂ ಬಡಿಸುತ್ತಿತ್ತು. ಸಾಲು ಹನುಮಂತನ ಬಾಲದ ಹಾಗೆ ಅಂಗಳದವರೆಗೂ ಬೆಳೆಯುತ್ತಿತ್ತು. ಇಬ್ಬರೂ ಕ್ಯಾಂಟೀನಿನ ಯಜಮಾನಿಯನ್ನು ಕಾಡಿಬೇಡಿ ಚೀಟಿಯ ಕಿಟಕಿಯನ್ನೇ ಬೇರೆ ಮಾಡಿಸಿದರು, ಫಲಕ ಬರೆದು ತೂಗುಹಾಕಿದರು. ಸಾಲು ಬಿಸಿಲಿಗಿಟ್ಟ ಬೆಣ್ಣೆಯಂತೆ ಕರಗಿತು.

ಎಲ್ಲರೂ ಹಿಗ್ಗಿದರು, ಮೇಷ್ಟ್ರೊಬ್ಬರನ್ನು ಬಿಟ್ಟು. ಖಾಲಿ ಜಾಗ ನೋಡಿ ಅವರ ಮುಖ ಇಂಗು ತಿಂದ ಮಂಗನಂತಾಯಿತು. “ಚೆನ್ನಾಗಿದೆ... ಆದ್ರೆ ಇಷ್ಟೊಂದು ಬೇಗ ಆಗಬೇಕಿತ್ತಾ?” ಎಂದು ಗೊಣಗಿ ಹೋದರು.

ಮರುದಿನದಿಂದ ಕಾಟ ಶುರುವಾಯಿತು. ಒಮ್ಮೆ ಚೀಟಿಯ ಕಿಟಕಿಗೆ ಯಾರೋ ಮೇಜು ಅಡ್ಡ ಇಟ್ಟಿದ್ದರು. ಇನ್ನೊಮ್ಮೆ ಫಲಕ ಹಿಂದುಮುಂದಾಗಿತ್ತು. ವಾರದ ಕೊನೆಗೆ ಪ್ರಾಂಶುಪಾಲರೇ ಬಂದು ನೋಡಿ ಅಂಕ ಕೊಡುವವರಿದ್ದರು. ಅಷ್ಟರಲ್ಲಿ ಸಾಲು ಮತ್ತೆ ಬೆಳೆದರೆ ಪ್ರಾಜೆಕ್ಟು ನೀರಿನಲ್ಲಿ ಹೋಮ. ಅದಕ್ಕೇ ಪಟಾಕಿ ಕಂಬದ ಮರೆ ಸೇರಿದ್ದು, ಕಳ್ಳನನ್ನು ಕಣ್ಣಾರೆ ಕಂಡದ್ದು.

ಫಲಕ ಹೋದ ಅರೆಗಳಿಗೆಯಲ್ಲಿ ಸಾಲು ಹಳೆಯ ಚಾಳಿಗೆ ಬಿತ್ತು. ಮೇಷ್ಟ್ರು ಹಿಂತಿರುಗಿ ಬಂದು, ಎಲ್ಲರಿಗಿಂತ ಹಿಂದೆ, ಹಬ್ಬದ ಮುಖ ಮಾಡಿಕೊಂಡು ನಿಂತರು. ಅವರ ಪಕ್ಕಕ್ಕೆ ಬಂದು ನಿಂತವರು ಆಚೆ ಕಟ್ಟಡದ ಅಕೌಂಟೆನ್ಸಿ ಮೇಡಂ, ಈ ವರ್ಷವಷ್ಟೇ ಕೆಲಸಕ್ಕೆ ಸೇರಿದವರು. ಮೇಡಂ ಕೈಚಾಚಿ ಮೇಷ್ಟ್ರ ಕಾಲರು ಸರಿ ಮಾಡಿದರು. ಪಟಾಕಿ ಕಿವಿ ನಿಮಿರಿಸಿದಳು.

“ರೀ, ಒಂದು ದಿನ ಎಲ್ಲಾದ್ರೂ ಓಡಿಹೋಗೋಣ.”

“ಅಮ್ಮನಿಗೆ ಏನಂತ ಹೇಳೋದು?”

“ಹೇಳಲೇಬಾರದು. ಹೇಳಿದ್ರೆ ಬಿಟ್ಟಾರಾ?”

ಉದ್ದಣ್ಣ ಹಿಂದಿನಿಂದ ಪಿಸುಗುಟ್ಟಿದ. “ಲೇ, ಸರ್ ಬಿದ್ದಿದ್ದಾರೆ ಕಣೇ.”

“ಎಲ್ಲೋ?”

“ಪ್ರೀತೀಲಿ!”

ಪಟಾಕಿಯ ಸಿಟ್ಟು ಠುಸ್ಸೆಂದಿತು. ಊಟದ ಮೇಜಿನಲ್ಲಿ ಅಧ್ಯಾಪಕರೆಲ್ಲ ಪ್ರಾಂಶುಪಾಲರ ಸುತ್ತ ಕೂರಬೇಕು. ಅಲ್ಲಿ ಮಾತು ಅವರೊಬ್ಬರದೇ, ಉಳಿದವರದು ಬರೀ ತಲೆದೂಗಾಟ. ಪಾಪ, ಇವರಿಬ್ಬರಿಗೆ ಆ ಸಾಲೇ ಗತಿ! ಅದನ್ನೇ ತಾನು ಕರಗಿಸಿಬಿಟ್ಟಿದ್ದಳು.

ತರಗತಿ ಮುಗಿದ ಮೇಲೆ ಅವಳು ಮೇಷ್ಟ್ರನ್ನು ತಡೆದಳು.

“ಸರ್, ಫಲಕ ತೆಗೆದಿದ್ದು ಯಾರು ಅಂತ ಗೊತ್ತು. ಯಾಕೆ ಅಂತಾನೂ ಗೊತ್ತು.”

ಮೇಷ್ಟ್ರ ಕಿವಿ ಕೆಂಪಾಯಿತು. “ತಪ್ಪಾಯ್ತಮ್ಮಾ. ಈಗಲೇ ತಂದು ಹಾಕ್ತೀನಿ. ಏನ್ಮಾಡಲಿ, ಆ ಸಾಲು ಬಿಟ್ರೆ ನಾವಿಬ್ಬರು ನೆಮ್ಮದಿಯಾಗಿ ನಾಲ್ಕು ಮಾತಾಡೋಕೆ ಜಾಗವೇ ಇಲ್ಲ.”

“ಮನೇಲಿ ಬಿಡಲ್ವಾ ಸರ್?”

“ಮನೇಲಾ? ಉಸಿರಾಡೋಕೂ ಬಿಡಲ್ಲ!”

ಪಟಾಕಿಯ ಕಣ್ಣಲ್ಲಿ ನೀರಾಡಿತು. ಆ ಸಂಜೆಯೆಲ್ಲ ತಲೆ ಕೆರೆದುಕೊಂಡಳು. ಮೇಷ್ಟ್ರು ಕಲಿಸಿದ್ದನ್ನೇ ಮತ್ತೆ ಯೋಚಿಸಿದಾಗ ಹೊಳೆಯಿತು: ಇವರಿಗೆ ಬೇಕಾದದ್ದು ಸಾಲಲ್ಲ, ಜಾಗ. ಕ್ಯಾಂಟೀನಿನ ಹಿಂಬದಿ, ಬೀರುವಿನ ಆಚೆ, ಕಿಟಕಿಯ ಬಳಿ ಒಂದು ಮೂಲೆ ಖಾಲಿ ಬಿದ್ದಿತ್ತು. ಉದ್ದಣ್ಣ ಅಲ್ಲಿನ ಮುರುಕು ಡಬ್ಬಗಳನ್ನು ಹೊರಗೆ ಸಾಗಿಸಿದ. ಯಜಮಾನಿ ಕಾರಣ ಕೇಳಿ, ನಕ್ಕು, ಪುಟ್ಟ ಮೇಜನ್ನೂ ಎರಡೇ ಕುರ್ಚಿಗಳನ್ನೂ ಕೊಟ್ಟಳು. ಗೋಡೆಗೆ ‘ಪ್ರಾಜೆಕ್ಟಿಗೆ ಮೀಸಲು’ ಎಂಬ ಚೀಟಿ ಅಂಟಿತು.

ಪ್ರಾಂಶುಪಾಲರು ಬಂದ ದಿನ ಸಾಲೆಂಬುದೇ ಇರಲಿಲ್ಲ. ಅವರು ಹೊಗಳಿ, ಬೆನ್ನು ತಟ್ಟಿ, ಸ್ವಭಾವದಂತೆ ಪುಟ್ಟ ಭಾಷಣವನ್ನೂ ಮಾಡಿ ಊಟಕ್ಕೆ ಕೂತರು. ಅದೇ ಸಮಯಕ್ಕೆ ಪಟಾಕಿ ಮೇಷ್ಟ್ರನ್ನೂ ಮೇಡಮ್ಮನ್ನೂ ಪ್ರಾಜೆಕ್ಟಿನ ನೆಪ ಹೇಳಿ ಆ ಮೂಲೆಗೆ ಕರೆತಂದಳು. ಉದ್ದಣ್ಣ ಎರಡು ತಟ್ಟೆ ತಂದಿಟ್ಟ. ಇಬ್ಬರೂ ಎದುರುಬದುರು ಕೂತು, ಅಕ್ಕಪಕ್ಕ ಯಾರೂ ಇಲ್ಲದ್ದನ್ನು ಕಂಡು, ನಿಧಿ ಸಿಕ್ಕವರಂತೆ ನಿಟ್ಟುಸಿರುಬಿಟ್ಟರು.

ಪಟಾಕಿ ಗಂಟಲು ಸರಿಮಾಡಿಕೊಂಡಳು. “ಮೇಡಂ, ನೀವು ಯಾರಿಗೂ ಹೆದರಬೇಡಿ. ಓಡಿಹೋಗೋ ಯೋಚನೆನೂ ಬೇಡ. ನಿಮ್ಮಿಬ್ಬರ ಮದುವೆಗೆ ನಮ್ಮ ಇಡೀ ಕ್ಲಾಸ್ ಬೆಂಬಲ ಇದೆ. ಬೇಕಾದ್ರೆ ಮನೆಯವರ ಹತ್ತಿರ ನಾವೇ ಬಂದು ಮಾತಾಡ್ತೀವಿ.”

ಮೇಷ್ಟ್ರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮೇಡಂ ಉಕ್ಕಿಬಂದ ನಗೆಯನ್ನು ಅಂಗೈಯಿಂದ ಒತ್ತಿ ಹಿಡಿದು, ಪಟಾಕಿಯ ಕೈ ಹಿಡಿದುಕೊಂಡರು.

“ಖಂಡಿತ ಬಾಮ್ಮಾ, ಮೊದಲು ನಮ್ಮ ದೊಡ್ಡ ಮಗನ ಹತ್ತಿರ ಮಾತಾಡು, ಆಮೇಲೆ ಅವಳಿ ಹುಡುಗೀರ ಹತ್ತಿರ, ನಮ್ಮತ್ತೆ ಹತ್ತಿರ ಮಾತ್ರ ಬೇಡ, ಹತ್ತು ವರ್ಷದ ಹಿಂದೆ ತಾವೇ ಮುಂದೆ ನಿಂತು ಈ ಮದುವೆ ಮಾಡಿಸಿದ್ದೇ ಅವರು.”