ಒಪ್ಪಿಕೊಂಡ ಹುಡುಗಿ

"ಬ್ಯಾಡ್ರಿ. ಈ ಹುಡುಗಿ ನಮ್ಮ ಮನೆಗೆ ಬ್ಯಾಡ," ಎಂದಳು ಜುಂಜಮ್ಮ. ಅಂದವಳು ತಲೆ ಎತ್ತಲಿಲ್ಲ.

ಚಿತ್ರದುರ್ಗದ ಸರ್ಕಾರಿ ಕಚೇರಿಯ ಒಂದು ಕೋಣೆ. ಮೇಜಿನ ಆಚೆ ಮೂವರು: ತಪ್ಪು ಮಾಡಿದ ಮಕ್ಕಳ ಮೇಲ್ವಿಚಾರಣೆಯ ಅಧಿಕಾರಿ ನಾಗಶ್ರೀ, ಆಪ್ತಸಮಾಲೋಚಕ ರವೀಂದ್ರ, ಶಾಲೆಯ ಟೀಚರ್ ಯಶೋದಾ. ಇಷ್ಟು ದಿನ ಒಬ್ಬೊಬ್ಬರದು ಒಂದೊಂದು ಫೈಲು, ಒಂದೊಂದು ದಾರಿ. ಇವತ್ತು ಅಂತೂ ಒಟ್ಟಿಗೆ ಕೂತಿದ್ದರು. ಹದಿನಾಲ್ಕು ವರ್ಷದ ಕೀರ್ತನಾ ಜುಂಜಮ್ಮನ ಮನೆಗೆ ಮರಳಬೇಕೋ, ಬಾಲಮಂದಿರ ಸೇರಬೇಕೋ, ತೀರ್ಮಾನವಾಗಬೇಕಿತ್ತು.

ಹೆತ್ತವರಿಲ್ಲದ ಹುಡುಗಿ. ಮೂರು ವರ್ಷದ ಹಿಂದೆ ಸರ್ಕಾರದ ಕಾಗದಕ್ಕೆ ಹೆಬ್ಬೆಟ್ಟೊತ್ತಿ, ಜವನಗೊಂಡನಹಳ್ಳಿಗೆ ಕರೆತಂದು ಸಾಕಿದವಳು ಜುಂಜಮ್ಮ. ಹೋದ ಭಾನುವಾರ ಕುರಿ ಹೊಡೆದುಕೊಂಡು ಹೋದ ಕೀರ್ತನಾ ಸಂಜೆ ಮರಳಿದಾಗ ಎರಡು ಮರಿ ಕಡಿಮೆ. ಕಿವಿ ಕತ್ತರಿಸಿ ಮನೆಯ ಗುರುತು ಮಾಡಿರದ ಮರಿಗಳು. ಯಾರಿಗೆ ಮಾರಿದರೂ ಕೇಳುವವರಿಲ್ಲ. "ಎಲ್ಲಿಂದಲೋ ತಂದಿದ್ದಲ್ವಾ" ಎಂದು ಹಟ್ಟಿಯವರೆಲ್ಲ ಮೂಗು ಮುರಿದರು. ಜುಂಜಮ್ಮನ ಮೈ ನಾಚಿಕೆಯಿಂದ ಹಿಡಿಯಾಯಿತು. ಮರುದಿನ ಬೆಳಗ್ಗೆಯೇ ಹುಡುಗಿಯ ಕೈ ಹಿಡಿದು ಸೀದಾ ಪೊಲೀಸರ ಹತ್ತಿರ ಎಳೆದೊಯ್ದಳು.

ಅಲ್ಲಿ ಕೀರ್ತನಾ ಮಧ್ಯಾಹ್ನದವರೆಗೂ ಒಂದೇ ಹಟ: ನಾನು ಕದ್ದಿಲ್ಲ. ಜುಂಜಮ್ಮ ಬೈದಳು, ಗೋಗರೆದಳು, ಮೂಲೆಗೆ ಕರೆದು ಪುಸಲಾಯಿಸಿದಳು. ಆ ಉರಿಯಲ್ಲಿ ಏನೇನು ಅಂದಳೋ ಅವಳಿಗೇ ನೆನಪಿಲ್ಲ. ಕೊನೆಗೆ ಹುಡುಗಿ, "ಹೂಂ, ನಾನೇ ಮಾರಿದೆ" ಎಂದಳು. ಎಂದವಳೇ ಚಪ್ಪಲಿ ಮೆಟ್ಟಿ ಬಾಗಿಲ ಹತ್ತಿರ ಹೋಗಿ ನಿಂತಳು. ಎಂಥ ಭಂಡತನ!

ಇವತ್ತೂ ಅಷ್ಟೇ. ಅವತ್ತಿನಿಂದ ಇರಿಸಿದ್ದ ಸರ್ಕಾರಿ ಆಶ್ರಯದಿಂದ ಬಂದವಳು ತಲೆಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಜಡೆ ಹೆಣೆದು, ಬಟ್ಟೆಯ ಚೀಲ ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಕಣ್ಣಲ್ಲಿ ಹನಿ ನೀರಿಲ್ಲ.

"ಬಿದ್ದ ಪೆನ್ಸಿಲ್ ಸಿಕ್ಕರೂ ತಂದು ಕೊಡೋ ಹುಡುಗಿ, ಜುಂಜಮ್ಮ," ಎಂದರು ಯಶೋದಾ.

"ತಾನೇ ಒಪ್ಕಂಡೈತಲ್ರಿ ಮೇಡಂ! ಊರಾಗೆ ಮುಖ ಎತ್ತಂಗಿಲ್ಲ ನಾನು. ಎಲ್ಲಿ ಹೆಬ್ಬೆಟ್ಟು ಒತ್ಬೇಕು ಹೇಳ್ರಿ."

ಅಷ್ಟರಲ್ಲಿ ಅವಳ ಫೋನು ಬಡಿದುಕೊಂಡಿತು. ಗಂಡ ಕಾಟಲಿಂಗಪ್ಪ. ಫೋನಿನಲ್ಲಿ ಕಿರುಚಿ ಮಾತಾಡುವುದೇ ಅವನ ರೂಢಿ, ಕೋಣೆಗೆಲ್ಲ ಕೇಳಿಸಿತು.

"ಲೇ ಜುಂಜಿ, ಮರಿ ಸಿಕ್ಕಾವೆ ಕಣೇ! ಪಕ್ಕದ ಹಟ್ಟಿ ನಿಂಗಕ್ಕನ ಹಿಂಡಿನಾಗೆ ಅವೆ. ಅವತ್ತು ಕೆರೆತಾವ ಎರಡೂ ಹಿಂಡು ನೀರಿಗೆ ಬಿಟ್ಟಾಗ ಕಲೆತುಬಿಟ್ಟಾವೆ. ಕಿವಿ ಗುರುತಿಲ್ಲ ನೋಡು, ತನ್ನವೇ ಅನ್ಕಂಡಿದ್ಳಂತೆ. ಕೂಸು ಕದ್ದಿಲ್ಲ ಕಣೇ!"

ಜುಂಜಮ್ಮನ ಕೈಯಿಂದ ಫೋನು ಜಾರಿತು. ಎಂಟು ದಿನ ಹುಡುಗಿಯ ಮೇಲೆ ಹೊರಿಸಿದ್ದ ನಾಚಿಕೆಯೆಲ್ಲ ಅವಳ ಮೇಲೆಯೇ ಬಂದು ಬಿತ್ತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

"ಅಯ್ಯೋ, ನನ್ನ ಬಾಯಿಗೆ ಮಣ್ಣು ಹಾಕ," ಎಂದು ಸೆರಗಿನಿಂದ ಮುಖ ಮುಚ್ಚಿಕೊಂಡಳು.

ನಾಗಶ್ರೀ ಎದ್ದು ಬಂದು ಹುಡುಗಿಯ ಪಕ್ಕದಲ್ಲಿ ಕೂತರು.

"ಕದ್ದೇ ಇಲ್ಲ ಅಂದ್ಮೇಲೆ ಮಾರಿದೆ ಅಂತ ಯಾಕೆ ಒಪ್ಕಂಡೆ ಕೀರ್ತನಾ?"

ಇದೆಂಥ ಪ್ರಶ್ನೆ ಎಂಬಂತೆ ಹುಡುಗಿ ಅವರನ್ನು ನೋಡಿದಳು.

"ಒಪ್ಕಂಡ್ರೆ ಮನೆಗೆ ಕರ್ಕಂಡು ಹೋಗ್ತೀನಿ ಅಂತ ಅವ್ವನೇ ಹೇಳಿದ್ಲಲ್ರಿ."