ಒಂದೇ ತೆನೆ

ಗುರ್ಕಾರ ಬಸ್ತ್ಯಾಂವ ತಂದದ್ದು ಒಂದೇ ತೆನೆ. ಅದನ್ನೂ ಇನಾಸನ ಕೈಗೆ ಕೊಡದೆ ಮೇಜಿನ ಮೇಲಿಟ್ಟ.

"ಟೀಚರಿಗೆ ಮಾತ್ರ," ಎಂದ.

ಸೆಪ್ಟೆಂಬರ್ ಎಂಟು, ಮೊಂತಿ ಹಬ್ಬ. ಬೆಳಿಗ್ಗೆ ಇಗರ್ಜಿಯಲ್ಲಿ ಆಶೀರ್ವದಿಸಿದ ಭತ್ತದ ತೆನೆಯನ್ನು ಮನೆಗೆ ತಂದು, ಕಾಳು ಸುಲಿದು, ತೆಂಗಿನ ಹಾಲಿಗೆ ಹಾಕಿ, ಮನೆಮಂದಿ ಕುಡಿದ ಮೇಲೆಯೇ ಹಬ್ಬದ ಊಟ. ತಲೆಗೊಂದು ತೆನೆ. ದುಬೈಯಲ್ಲಿರುವ ಮಕ್ಕಳ ಪಾಲು ಲಕೋಟೆಯಲ್ಲಿ ಹೋಗುತ್ತದೆ. ಇಗರ್ಜಿಗೆ ಬಾರದವರ ಮನೆಗೆ ವಾರ್ಡಿನ ಹಿರಿಯನಾದ ಗುರ್ಕಾರನೇ ಮುಟ್ಟಿಸಬೇಕು. ಬಂಟ್ವಾಳದಿಂದ ಸಿದ್ಧಕಟ್ಟೆಗೆ ಹೋಗುವ ದಾರಿಯ ಆ ವಾರ್ಡಿನಲ್ಲಿ ಅಂಥ ಮನೆ ಇದೊಂದೇ. ಹನ್ನೆರಡು ವರ್ಷದಿಂದ, 1991ರಿಂದ.

ಇನಾಸ ದೇವರನ್ನು ಬಿಟ್ಟದ್ದೇಕೆ ಎಂಬುದಕ್ಕೆ ಊರಿನಲ್ಲಿ ನಾಲ್ಕು ಉತ್ತರಗಳಿದ್ದವು. ಒಬ್ಬನೇ ಮಗ ಫರಂಗಿಪೇಟೆಯ ಹೊಳೆಯಲ್ಲಿ ಮುಳುಗಿ ಸತ್ತ ಸಿಟ್ಟು. ಹಿಂದಿನ ಫಾದರ್ ಜೊತೆ ಕಂಪೌಂಡ್ ಗೋಡೆಯ ಜಗಳ. ಬೀಡಿ ಯೂನಿಯನ್ನಿನವರ ಸಹವಾಸ. ನಾಲ್ಕನೆಯದನ್ನು ಹೆಂಗಸರು ದನಿ ತಗ್ಗಿಸಿ ಹೇಳುತ್ತಿದ್ದರು: ಮೂಡುಬಿದಿರೆಯಲ್ಲಿ ಒಬ್ಬಳಿದ್ದಾಳೆ. ಪ್ರತಿ ಭಾನುವಾರ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಆರೂವರೆಯ ಬಸ್ಸಿಗೆ ಮೂಡುಬಿದಿರೆಗೆ ಹೋಗುವ ಗಂಡಸನ್ನು ಕಂಡು ಬೇರೇನು ಹೇಳಿಯಾರು?

ಬಸ್ಸು ನಿಲ್ಲುವಲ್ಲಿ ಹೋಟೆಲು ಇಟ್ಟಿದ್ದ ಅಬ್ದುಲ್ ಶುಕೂರ್ ಕಂಡದ್ದು ಮಾತ್ರ ಬೇರೆ. ವಾರದ ಆರು ದಿನ ಎದ್ದ ಕೂಡಲೇ ಅವನ ಚಾಕ್ಕೆ ಬರುವ ಇನಾಸ ಭಾನುವಾರ ಬಸ್ಸು ಹತ್ತುವ ಮುಂಚೆ ಏನನ್ನೂ ಮುಟ್ಟುತ್ತಿರಲಿಲ್ಲ. ಹಿಂತಿರುಗಿದ ಮೇಲೆ ಒಟ್ಟಿಗೆ ಎರಡು ಚಾ ಕುಡಿಯುತ್ತಿದ್ದ.

ಊರು ಮರುಗುತ್ತಿದ್ದದ್ದು ಇನಾಸನ ಹೆಂಡತಿ ಸೆವ್ರಿನ್ ಟೀಚರಿಗಾಗಿ. ಅರ್ಧ ವಾರ್ಡಿಗೆ ಜಪವನ್ನೂ, ಭಾನುವಾರದ ಪೂಜೆಗೆ ಖಾಲಿ ಹೊಟ್ಟೆಯಲ್ಲಿ ಹೋಗಬೇಕೆಂಬುದನ್ನೂ ಕಲಿಸಿದವಳು ಅವಳು. ಇಗರ್ಜಿಯಲ್ಲಿ ಇಪ್ಪತ್ತು ವರ್ಷ ಮಕ್ಕಳಿಗೆ ಧರ್ಮಪಾಠ ಹೇಳಿದವಳು ಗಂಡನ ಹಟದಿಂದ ಮನೆಯೊಳಗೆ ಕೂರುವಂತಾಯಿತಲ್ಲ ಎಂದು ಎಲ್ಲರಿಗೂ ಸಂಕಟ. ಯಾರಾದರೂ ಕೇಳಿದರೆ ಅವಳು ತಲೆ ತಗ್ಗಿಸುತ್ತಿದ್ದಳು. ಆಮೇಲೆ ಯಾರೂ ಕೇಳುತ್ತಿರಲಿಲ್ಲ.

ಗುರ್ಕಾರ ಕುರ್ಚಿ ಎಳೆದುಕೊಂಡು ಕುಳಿತ. ಹೊಸ ಫಾದರ್ ಕಟ್ಟುನಿಟ್ಟಿನವರಂತೆ. ಇಗರ್ಜಿ ಬಿಟ್ಟವರಿಗೆ ಇನ್ನು ಸಿಮೆಟ್ರಿಯಲ್ಲಿ ಜಾಗ ಇಲ್ಲವೆಂದು ಖಡಾಖಂಡಿತ ಹೇಳಿದ್ದಾರಂತೆ.

ಇನಾಸನ ಹೃದಯ ಕ್ರಿಸ್ಮಸ್ ದಾಟುವುದು ಕಷ್ಟ ಎಂದು ಮಂಗಳೂರಿನ ಡಾಕ್ಟರು ಹೇಳಿ ತಿಂಗಳಾಗಿತ್ತು. ಮಗನ ಗೋರಿಯ ಪಕ್ಕದಲ್ಲಿ ಒಬ್ಬ ಮಲಗುವಷ್ಟು ಜಾಗ ಖಾಲಿ ಇತ್ತು. ಅವನಿಗೆ ಇನ್ನು ಬೇಕಾಗಿದ್ದದ್ದು ಅದೊಂದೇ.

"ಬರುವ ಭಾನುವಾರ ಇಬ್ಬರೂ ಬನ್ನಿ," ಎಂದ ಗುರ್ಕಾರ. "ಫಾದರ್ ಹತ್ರ ಪಾಪನಿವೇದನೆ ಮಾಡು. ಅಲ್ಲಿಗೆ ಮುಗೀತು."

"ನಾನೊಬ್ಬನೇ ಬಂದರೆ ಆಗುದಿಲ್ವಾ?"

"ನೀನು ತಡೆಯದಿದ್ದರೆ ಟೀಚರ್ ಬಾರದೆ ಇರ್ತಾರಾ ಮಾರಾಯ? ಅವರೆಲ್ಲಿ ಅಂತ ಜನ ಕೇಳುದಿಲ್ವಾ?"

ತೆನೆ ಮೇಜಿನ ಅಂಚಿಗೆ ಜಾರಿತ್ತು. ಇನಾಸ ಅದನ್ನು ಎರಡೂ ಕೈಯಲ್ಲಿ ಎತ್ತಿ ನಡುವಿಗೆ ಇಟ್ಟ.

ನೀನು ಗಂಡಸಾದದ್ದು ನಿನ್ನ ಪುಣ್ಯ ಎಂದು ಗುರ್ಕಾರ ಮಾತು ಮುಂದುವರಿಸಿದ. ಮೇಲಿನ ಮನೆಯ ಮೊನಿಕಾ ಎರಡು ವರ್ಷದ ಹಿಂದೆ ಸಂಜೆಯ ಜಪಕ್ಕೆ ಕೂರುವುದಿಲ್ಲ ಎಂದಿದ್ದಳು. ಪಿಶಾಚಿ ಹಿಡಿದಿದೆ ಎಂದು ಅವಳ ಅಣ್ಣಂದಿರು ಘಟ್ಟದಾಚೆಯ ಯಾವುದೋ ಪ್ರಾರ್ಥನಾ ಮನೆಯಲ್ಲಿ ಇಪ್ಪತ್ತೊಂದು ದಿನ ಇಟ್ಟರು. ಜೀಪು ಮಾಡಿಕೊಟ್ಟವನು ಗುರ್ಕಾರನೇ. ಈಗ ದಿನಾ ಜಪಕ್ಕೆ ಕೂರುತ್ತಾಳೆ. ಮಾತು ಮಾತ್ರ ಆಡುವುದಿಲ್ಲ. ಇದನ್ನು ಅವನು ಒಳ್ಳೆಯ ಕೆಲಸ ಮಾಡಿದವನ ಧಾಟಿಯಲ್ಲೇ ಹೇಳಿದ.

ಅಡಿಗೆಮನೆಯಲ್ಲಿ ತೆಂಗಿನಕಾಯಿ ತುರಿಯುವ ಸದ್ದು ನಿಂತಿತು.

"ಕಾರಣ ಆದ್ರೂ ಹೇಳು. ಫಾದರ್‌ಗೆ ನಾನು ಏನು ಹೇಳಲಿ? ಮಗ ಹೋದ ಸಿಟ್ಟಾ?"

"ಸಿಟ್ಟಿಲ್ಲ," ಎಂದ ಇನಾಸ. ಬಾಯಿಪಾಠ ಒಪ್ಪಿಸುವವನಂತೆ ಹೇಳಿದ. "ಯಾರ ಮೇಲೂ ಇಲ್ಲ. ಜಪ ಮಾಡುವಾಗ ಒಂದು ದಿನ ಆಚೆ ಬದಿ ಯಾರೂ ಇಲ್ಲ ಅಂತ ಗೊತ್ತಾಯ್ತು. ಮರುದಿನವೂ ಯಾರೂ ಇರಲಿಲ್ಲ. ಅಷ್ಟೇ."

ಗುರ್ಕಾರ ಅವನ ಮುಖವನ್ನೇ ನೋಡಿದ. ಇದೂ ಒಂದು ಕಾರಣವೇ? ಕಿಸೆಯಿಂದ ಪುಸ್ತಕ ತೆಗೆದು, ಇನಾಸನ ಹೆಸರಿನ ಮುಂದೆ 'ಮಗನ ಸಾವಿನ ಸಿಟ್ಟು' ಎಂದು ಬರೆದುಕೊಂಡ.

"ಹಾಗಾದರೆ ಮಗನ ಹತ್ರದ ಜಾಗ?"

ಇನಾಸ ಎದ್ದು ನಿಂತ.

"ಬೇಡ," ಎಂದ.

ಗುರ್ಕಾರ ಗೇಟು ದಾಟುವವರೆಗೆ ಸೆವ್ರಿನ್ ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಕೈಗೆ ತೆಂಗಿನ ತುರಿ ಮೆತ್ತಿತ್ತು.

"ನಾನು ಬರ್ತೇನೆ. ಒಂದು ಗಂಟೆ ಸುಮ್ಮನೆ ಕೂತುಕೊಂಡರೆ ಆಯ್ತಲ್ಲ."

"ಬೇಡ," ಎಂದ ಇನಾಸ ಮತ್ತೆ. "ಒಂದು ಮನೆಯಲ್ಲಿ ಸುಳ್ಳು ಒಬ್ಬರು ಹೇಳಿದರೆ ಸಾಕು."

ಸೆವ್ರಿನ್ ರಸ್ತೆ ಬದಿಯ ಕಿಟಕಿ ಮುಚ್ಚಿದಳು, ಅಕ್ಕಿ ಡಬ್ಬದಿಂದ ಜಪಮಾಲೆ ತೆಗೆದು ಗಂಡನಿಗೆ ಕೊಟ್ಟಳು, ತೆನೆಯ ಕಾಳುಗಳನ್ನೆಲ್ಲ ಸುಲಿದು ಅವನ ಲೋಟಕ್ಕೇ ಹಾಕಿದಳು. ಆಮೇಲೆ, ದೇವರನ್ನು ನಂಬುವುದನ್ನು ಬಿಟ್ಟು ಹನ್ನೆರಡು ವರ್ಷವಾಗಿದ್ದ ಅವಳು ತನಗೆ ಬರೀ ತೆಂಗಿನ ಹಾಲು ಬಗ್ಗಿಸಿಕೊಂಡು, ಇನಾಸ ಶಿಲುಬೆ ಗುರುತು ಮಾಡಿ ಕಣ್ಣು ತೆರೆಯುವವರೆಗೆ ಕಾದಳು.