ಕತ್ತಲಲ್ಲಿ ಹೆಣ್ಣು ನೋಡುವ ಶಾಸ್ತ್ರ

ನಾನೂ ತಂಗಿ ನಳಿನಿಯೂ ಅವರೆಕಾಯಿ ಸುಲಿಯುತ್ತಿದ್ದೆವು. ನನ್ನನ್ನು ನೋಡಲು ಗಂಡು ಬರುವ ಹೊತ್ತಾಗಿತ್ತು, ಅಮ್ಮ ಕಿಟಕಿಗಳಿಗೆ ಕಂಬಳಿ ಕಟ್ಟುತ್ತಿದ್ದಳು. ಹೆಣ್ಣು ನೋಡುವ ಶಾಸ್ತ್ರ ಎಲ್ಲರ ಮನೆಯಲ್ಲೂ ಕತ್ತಲಲ್ಲೇ ನಡೆಯುತ್ತದೆ. ಬೆಳಕಿದ್ದರೆ ನೆರಳು ಬೀಳುತ್ತದೆ. ಮನಸ್ಸಿಲ್ಲದವಳ ನೆರಳು ಗಂಡಿನಿಂದ ದೂರ ಸರಿಯುವುದು ಎಲ್ಲರ ಕಣ್ಣಿಗೂ ಬೀಳುತ್ತದೆ.

“ನೆರಳು ಸರಿದ್ರೆ ಬೇಡ ಅಂತ ಅರ್ಥ, ಎದುರಿನವ್ರು ಅಲ್ಲೇ ನಿಂತುಬಿಡ್ಬೇಕು ಅಂತ ನಮ್ಮ ಮಿಸ್ ಹೇಳಿಕೊಟ್ಟಿದ್ದಾರೆ,” ಎಂದಳು ಒಂಬತ್ತನೇ ಕ್ಲಾಸಿನ ನಳಿನಿ.

“ನಿಮ್ಮ ಮಿಸ್ಸಿಗೆ ಮದುವೆ ಆಗಿದೆಯೇನೆ?” ಎಂದಳು ಅಮ್ಮ.

ನಾನು ಆ ಪಾಠ ಬರುವ ಮೊದಲೇ ಶಾಲೆ ಬಿಟ್ಟವಳು. ಆದರೆ ಹೋದ ವಾರ ಹಿಟ್ಟಿನ ಗಿರಣಿಯ ಹತ್ತಿರ ಇದೇ ಗಂಡು ಎದುರಾದಾಗ ನನ್ನ ನೆರಳು ಗೋಡೆ ಹತ್ತಿ ಮುದುಡಿಕೊಂಡಿತ್ತು. ಅವನು ಅದನ್ನು ನೋಡಿ ನಕ್ಕ. “ಅಭ್ಯಾಸ ಆಗುತ್ತೆ ಬಿಡು,” ಎಂದು ನನ್ನ ಮಣಿಕಟ್ಟು ಹಿಡಿದ. ಎಳೆದುಕೊಂಡರೂ ಬಿಡಲಿಲ್ಲ. ಅಮ್ಮನಿಗೆ ಹೇಳಿದೆ. ಅಪ್ಪನಿಗೆ ಹೇಳಲು ಬಾಯಿ ಬರಲಿಲ್ಲ.

ಹೊರಗೆ ಬೈಕು ನಿಂತಿತು. ಅಮ್ಮ ದೀಪ ಆರಿಸಿದಳು. ನಾನು ಕಾಳಿನ ಮೊರ ಬದಿಗೆ ಸರಿಸಿದೆ. ಅಪ್ಪ ಎದ್ದು ಬಾಗಿಲ ಕಡೆ ನಡೆದ ಸಪ್ಪಳ ಕೇಳಿತು.

“ಅಪ್ಪಾ, ದೀಪ ಹಾಕು. ನೀನೊಂದು ಸಲ ನನ್ನ ನೆರಳು ನೋಡು.”